ಸೂಜಿಗೆ ಎದ್ದ ಎಮ್ಮೆ

ಮೊನ್ನೆ ಜಮಖಂಡಿಯ ಪೇಟೆಯಲ್ಲಿ ಕನ್ನಡಕದ ಕಡ್ಡಿ ಸರಿಮಾಡಿಸಲು ನಿಂತಿದ್ದೆ. ಪಕ್ಕದ ಹೂವಿನವಳು ಮಾರಾಟವಾಗದೆ ಒಣಗಿದ ದವನದ ಕಟ್ಟುಗಳನ್ನು ಕಸದ ಜೊತೆ ಗುಡಿಸಿ ಕಡ್ಡಿ ಗೀರಿದಳು. ಆ ಹೊಗೆ ಮೂಗಿಗೆ ಬಂದದ್ದೇ ತಡ, ಅಂಗಡಿಯವನು ಏನು ಕೇಳಿದ, ನಾನು ಏನು ಹೇಳಿದೆ, ಒಂದೂ ತಲೆಗೆ ಹೋಗಲಿಲ್ಲ. ಅದೇ ವಾಸನೆ. ದವನದ ಕುಲಕ್ಕೇ ಸೇರಿದ ಯಾವುದೋ ಸೊಪ್ಪನ್ನು ಒಣಗಿಸಿ, ಬೀಡಿಯ ಹಾಗೆ ಸುತ್ತಿ, ಹೊತ್ತಿಸಿ, ದನದ ಮೈಗೆ ಕಾವು ಕೊಡುವ ವಿದ್ಯೆಯನ್ನು ಇದೇ ಊರಿನಲ್ಲಿ ನನಗೆ ಹತ್ತು ದಿನ ಕಲಿಸಿದ್ದರು. ಜೊತೆಗೆ ಸೂಜಿ ಚುಚ್ಚುವುದನ್ನೂ. ಅಕ್ಯುಪಂಕ್ಚರ್ ಪರಿಣತ ಪಶುವೈದ್ಯ ಎಂಬ ಪ್ರಮಾಣಪತ್ರ ಈಗಲೂ ಬಾಗಲಕೋಟೆಯ ನವನಗರದ ನನ್ನ ಮನೆಯ ಅಟ್ಟದ ಮೇಲೆ ಇದೆ. ಜಿರಲೆ ಕೂಡ ಅದನ್ನು ತಿಂದಿಲ್ಲ.

ಆಗ ನಾನು ಸಾವಳಗಿಯ ಪಶು ಆಸ್ಪತ್ರೆಯಲ್ಲಿದ್ದೆ. ಜಿಲ್ಲೆ ಹೊಸದು, ಫಲಕಗಳ ಮೇಲಿನ ಬಣ್ಣ ಇನ್ನೂ ಹಸಿ. ಹಿಪ್ಪರಗಿಯಲ್ಲಿ ಹೊಳೆಗೆ ಅಡ್ಡ ಬ್ಯಾರೇಜು ಕಟ್ಟುತ್ತಿದ್ದರು. ಆಷಾಢದಲ್ಲಿ ನಮ್ಮ ಕಡೆ ಮಳೆಗಿಂತ ಗಾಳಿ ಹೆಚ್ಚು. ಮೋಡ ಬರುತ್ತದೆ, ನಮ್ಮನ್ನು ನೋಡುತ್ತದೆ, ಮುಂದೆ ಹೋಗುತ್ತದೆ. ಮಳೆ ಆಗುವುದು ಮಹಾರಾಷ್ಟ್ರದಲ್ಲಿ, ಹೊಳೆ ತುಂಬುವುದು ನಮ್ಮಲ್ಲಿ. ಆ ನೀರಿನಿಂದ ಕಬ್ಬು ಬಂತು, ಕಬ್ಬಿನ ಹಸಿ ಸೋಗೆ ತಿಂದು ಎಮ್ಮೆಗಳು ಹೆಚ್ಚಾದವು. ಬರೀ ಸೋಗೆ ತಿಂದ ಎಮ್ಮೆಯ ಮೈಯಲ್ಲಿ ಸುಣ್ಣದ ಅಂಶ ಇಳಿಯುತ್ತದೆ. ಈದ ಮರುದಿನವೋ ಮೂರನೆಯ ದಿನವೋ ಅದು ಕುಸಿದು ಬೀಳುತ್ತದೆ, ಕುತ್ತಿಗೆಯನ್ನು ಪಕ್ಕಕ್ಕೆ ಮಡಚಿಕೊಂಡು ಕಿವಿ ತಣ್ಣಗೆ ಮಾಡಿಕೊಳ್ಳುತ್ತದೆ. ಇದಕ್ಕೆ ಮದ್ದು ಒಂದೇ. ಕ್ಯಾಲ್ಸಿಯಂ ಬಾಟಲಿಯನ್ನು ನಿಧಾನವಾಗಿ ರಕ್ತನಾಳಕ್ಕೆ ಏರಿಸಬೇಕು. ಒಂದು ತಾಸಿನೊಳಗೆ ಎಮ್ಮೆ ಎದ್ದು ನಿಂತು, ಸಗಣಿ ಹಾಕಿ, ಏನೂ ಆಗಿಲ್ಲವೆಂಬಂತೆ ಕರುವಿನ ಕಡೆ ನೋಡುತ್ತದೆ. ತಡವಾದರೆ ಸಾಯುತ್ತದೆ. ನನ್ನ ಇಡೀ ನೌಕರಿಯಲ್ಲಿ ಇಷ್ಟು ಸರಳವಾದ, ಇಷ್ಟು ಖಚಿತವಾದ ವೈದ್ಯ ಇನ್ನೊಂದಿರಲಿಲ್ಲ.

ಇಂಥ ಹೊತ್ತಿನಲ್ಲಿ ಯಾವುದೋ ಸಂಸ್ಥೆಗೆ ನಮ್ಮ ಮೇಲೆ ಕರುಣೆ ಉಕ್ಕಿ, ಪಶುವೈದ್ಯರಿಗೆ ಸೂಜಿ ಚುಚ್ಚಲು ಕಲಿಸುತ್ತೇವೆ ಎಂದು ಮುಂದೆ ಬಂತು. ಮುಧೋಳ, ಬೀಳಗಿ, ಬನಹಟ್ಟಿ, ತೇರದಾಳಗಳಿಂದ ಹನ್ನೆರಡು ಜನ ಜಮಖಂಡಿಯ ಒಂದು ಮಂಗಲ ಕಾರ್ಯಾಲಯದಲ್ಲಿ ಸೇರಿದೆವು. ಆಷಾಢ ಹಿಡಿಯುವ ಮೊದಲಿನ ಕೊನೆಯ ಮದುವೆಯ ಅಕ್ಕಿಕಾಳು ಇನ್ನೂ ಜಮಖಾನೆಯಲ್ಲಿತ್ತು. ಗೋಡೆಯ ಮೇಲೆ ವಧೂವರರ ಹೆಸರಿನ ಥರ್ಮೋಕೋಲ್ ಅಕ್ಷರಗಳು, ಅದರ ಕೆಳಗೆ ಒಂದು ಕುದುರೆಯ ಚಿತ್ರಪಟ.

ಕಲಿಸಲು ಬಂದವರು ದಕ್ಷಿಣದವರು. ಹೆಸರು ಬೇಡ. ನಮ್ಮ ಜನ ಎರಡೇ ದಿನದಲ್ಲಿ ಅವರಿಗೆ ಸೂಜಿ ಸಾಹೇಬರು ಎಂದು ಹೆಸರಿಟ್ಟರು. ಪರದೇಶದಲ್ಲಿ ಮೂರು ತಿಂಗಳು ಇದ್ದು ಬಂದಿದ್ದರಂತೆ. ಬಿಳಿ ಪೈಜಾಮ, ಕೊರಳಲ್ಲಿ ಸ್ಫಟಿಕದ ಸರ, ಮಾತು ಮಾತ್ರ ಜೇನು ಸವರಿದ ಹಾಗೆ. ದನದ ಮೈಯಲ್ಲಿ ಶಕ್ತಿಯ ಹಾದಿಗಳಿವೆ, ಹಾದಿಯಲ್ಲಿ ಕಲ್ಲು ಬಿದ್ದರೆ ರೋಗ, ಸೂಜಿ ಚುಚ್ಚಿದರೆ ಕಲ್ಲು ಸರಿಯುತ್ತದೆ ಎಂದರು. ಈ ಹಾದಿ ಶವ ಕೊಯ್ದಾಗ ಯಾಕೆ ಕಾಣುವುದಿಲ್ಲ ಎಂದು ಬೀಳಗಿಯ ಒಬ್ಬರು ಕೇಳಿದರು. ಸತ್ತ ಮೇಲೆ ಹಾದಿ ಮುಚ್ಚಿಹೋಗುತ್ತದೆ ಎಂದು ಉತ್ತರ ಬಂತು. ಹನ್ನೊಂದು ಜನ ಪದವೀಧರರು ಅದನ್ನು ಬರೆದುಕೊಂಡರು.

ಕುದುರೆಯ ಚಿತ್ರಪಟದ್ದು ಇನ್ನೊಂದು ತಮಾಷೆ. ಅವರ ಹತ್ತಿರ ಎಮ್ಮೆಯ ಪಟವೇ ಇರಲಿಲ್ಲ. ಕುದುರೆಯ ಮೇಲೆ ತೋರಿಸಿದ ಬಿಂದುವನ್ನು ನಾವು ಎಮ್ಮೆಯ ಮೇಲೆ ಹುಡುಕಬೇಕು. ಹದಿನೈದನೆಯ ಪಕ್ಕೆಲುಬಿನ ಹಿಂದೆ ಎಂದರು. ಕುದುರೆಗೆ ಹದಿನೆಂಟು ಜೊತೆ ಪಕ್ಕೆಲುಬು, ಎಮ್ಮೆಗೆ ಹದಿಮೂರು. ಹದಿನೈದನೆಯದನ್ನು ಎಲ್ಲಿಂದ ತರುವುದು? ನನಗೆ ಗೊತ್ತಿತ್ತು, ಕೇಳಲಿಲ್ಲ. ಕೇಳಿದ್ದರೆ ತಮಾಷೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ಹಿಂದಿನ ಬೆಂಚಿನಲ್ಲಿ ಕೂತು, ಎಲ್ಲರಿಗಿಂತ ಜಾಣ ಎಂಬ ಸುಖವನ್ನು ಹತ್ತೂ ದಿನ ಒಬ್ಬನೇ ಅನುಭವಿಸಿದೆ.

ಮುಂದಿನ ಬೆಂಚಿನಲ್ಲಿ ಕೂಡುತ್ತಿದ್ದವರು ತೇರದಾಳದ ಡಾಕ್ಟರ್ ಶಾಂತಾ. ನೌಕರಿಗೆ ಸೇರಿ ಎರಡು ವರ್ಷವಾಗಿರಬೇಕು. ಹೆಂಗಸು ದನದ ಡಾಕ್ಟರಾಗಿ ಬಂದದ್ದಕ್ಕೇ ಊರವರು ನಗುತ್ತಿದ್ದರು, ಆದ್ದರಿಂದ ಅವರು ಎಲ್ಲವನ್ನೂ ಇಬ್ಬರಷ್ಟು ಕಲಿಯುತ್ತಿದ್ದರು. ಒಂದು ಕೈಹೊತ್ತಗೆ ಇಟ್ಟುಕೊಂಡು, ಪ್ರತಿ ಬಿಂದುವಿನ ಹೆಸರು, ಆಳ, ಸೂಜಿಯ ಓರೆ ಎಲ್ಲವನ್ನೂ ಕೆಂಪು ನೀಲಿ ಶಾಯಿಯಲ್ಲಿ ಬರೆಯುತ್ತಿದ್ದರು. ನನಗೆ ಸೂಜಿ ಸಾಹೇಬರಿಗಿಂತ ಇವರನ್ನು ಕಂಡರೇ ಹೆಚ್ಚು ಸಿಟ್ಟು. ಮೋಸಗಾರನನ್ನು ಸಹಿಸಬಹುದು, ನಂಬುವವರನ್ನು ನೋಡಿದರೆ ನನಗೆ ಮೈ ಉರಿಯುತ್ತಿತ್ತು.

ಮಧ್ಯಾಹ್ನ ಹೊರಗಿನ ಬಯಲಿನಲ್ಲಿ ಪ್ರಯೋಗ. ಸಾವಳಗಿ ಹತ್ತಿರದ ಹಟ್ಟಿಯಿಂದ ಮಾಳಪ್ಪ ಎಂಬ ಮುದುಕ ಕುಂಟುವ ಎತ್ತನ್ನು ಹೊಡೆದುಕೊಂಡು ಬಂದಿದ್ದ. ಬೀರೇಶ್ವರನ ಒಕ್ಕಲು, ಹೆಗಲ ಮೇಲೆ ಕರಿ ಕಂಬಳಿ, ಸೊಂಟದಲ್ಲಿ ಅರಿಷಿಣದ ಭಂಡಾರದ ಚೀಲ. ದನಕ್ಕೆ ಬರೆ ಹಾಕುವುದರಲ್ಲಿ ಅವನ ಮನೆತನಕ್ಕೆ ಹೆಸರಿತ್ತು, ಬರೆ ಹಾಕಬೇಡ ಎಂದು ನಾನೇ ಅವನನ್ನು ಎಷ್ಟೋ ಸಲ ಗದರಿಸಿದ್ದೆ. ಸೂಜಿ ಸಾಹೇಬರು ಸೊಪ್ಪಿನ ಬತ್ತಿ ಹೊತ್ತಿಸಿ ಎತ್ತಿನ ಭುಜಕ್ಕೆ ಕಾವು ಹಿಡಿದರು. ಮಾಳಪ್ಪ ಹೊಗೆ ಮೂಸಿ ನನ್ನ ಕಡೆ ತಿರುಗಿದ.

"ಸಾಹೇಬ್ರ, ಇದ ಜಾಗಾಕ್ಕ ನಮ್ಮಪ್ಪ ಬರಿ ಹಾಕತಿದ್ದ. ನಾವು ಹಾಕಿದ್ರ ಬೈತೀರಿ, ಇವರು ಹಾಕಿದ್ರ ಶಾಲು ಹೊದಸ್ತೀರಿ. ಏನ್ರಿ ನಿಮ್ಮ ನ್ಯಾಯ?"

ನಾನು ಬಿದ್ದು ಬಿದ್ದು ನಕ್ಕೆ. ಆ ಹತ್ತು ದಿನದಲ್ಲಿ ಬುದ್ಧಿಯ ಮಾತು ಆಡಿದವನು ಅವನೊಬ್ಬನೇ. ಅಂದಿನಿಂದ ಅವನು ನನಗೆ ಗೆಳೆಯನಾದ. ಎತ್ತು ಮಾತ್ರ ಕುಂಟುತ್ತಲೇ ಮನೆಗೆ ಹೋಯಿತು.

ಕೊನೆಯ ದಿನ ದೊಡ್ಡ ಅಧಿಕಾರಿಗಳು, ಫೋಟೋ ತೆಗೆಯುವವರು ಬರುವವರಿದ್ದರು. ಅವರೆದುರು ಯಾವುದಾದರೂ ಪ್ರಾಣಿ ಗುಣವಾಗಬೇಕಿತ್ತು. ಕುಂಟ ಎತ್ತನ್ನು ನಂಬುವಂತಿರಲಿಲ್ಲ. ಅಷ್ಟರಲ್ಲಿ ಮಾಳಪ್ಪನ ಹಿರಿ ಮಗಳು ಸಿದ್ದವ್ವನ ಎಮ್ಮೆ ಈದು ಮರುದಿನ ಬಿದ್ದಿದೆ ಎಂಬ ಸುದ್ದಿ ಬಂತು. ಸಿದ್ದವ್ವ ಅಪ್ಪನ ಹಟ್ಟಿಯಲ್ಲೇ ಇದ್ದವಳು. ಸೂಜಿ ಸಾಹೇಬರ ಮುಖ ಅರಳಿತು.

"ಇದೇ ಆಗಲಿ. ಆದರೆ ಔಷಧ ಮುಟ್ಟಿಸಬೇಡಿ. ಬಾಟಲಿ ಏರಿಸಿದರೆ ಹಾದಿ ಮಂಕಾಗುತ್ತದೆ, ಸೂಜಿ ಕೆಲಸ ಮಾಡುವುದಿಲ್ಲ," ಎಂದರು. ಶಾಂತಾ ಅದನ್ನೂ ಕೆಂಪು ಶಾಯಿಯಲ್ಲಿ ಬರೆದುಕೊಂಡರು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ನಾನು ಹಟ್ಟಿಗೆ ಹೋದೆ. ಎಮ್ಮೆಯ ಕುತ್ತಿಗೆ ಮಡಚಿತ್ತು, ಕಿವಿ ಹಿಡಿದರೆ ಮಂಜು. ಸಿದ್ದವ್ವ ಬರುವವರಿಗೆಲ್ಲ ಚಹಾ ಕಾಯಿಸಲು ಒಳಗಿದ್ದಳು. ಮಾಳಪ್ಪ ಒಬ್ಬನೇ ಎಮ್ಮೆಯ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಚೀಲದಿಂದ ಬಾಟಲಿ ತೆಗೆದು ಏರಿಸಿದೆ. ಮೂಕ ಪ್ರಾಣಿಯ ಮೇಲಿನ ಕನಿಕರದಿಂದ ಏರಿಸಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಕನಿಕರ ಇತ್ತು, ಇಲ್ಲವೆನ್ನುವುದಿಲ್ಲ. ಅದಕ್ಕಿಂತ ದೊಡ್ಡದು ಚೇಷ್ಟೆ. ಎಮ್ಮೆ ಎದ್ದು ನಿಲ್ಲಲಿ, ಇವರೆಲ್ಲ ಚಪ್ಪಾಳೆ ತಟ್ಟಲಿ, ಸಮಾರೋಪದಲ್ಲಿ ನಾನು ಎದ್ದು ಖಾಲಿ ಬಾಟಲಿಯನ್ನು ಮೇಜಿನ ಮೇಲೆ ಇಡುತ್ತೇನೆ. ಆ ಮುಖಗಳನ್ನು ನೆನೆಸಿಕೊಂಡೇ ನನಗೆ ಬಾಯಲ್ಲಿ ನೀರೂರುತ್ತಿತ್ತು.

"ಅಜ್ಜಾ, ಈ ಬಾಟ್ಲಿ ಸುದ್ದಿ ಯಾರ ಮುಂದೂ ತಗೀಬ್ಯಾಡ. ಮಗಳ ಮುಂದೂ ಬ್ಯಾಡ. ನಾನ ಹೇಳ್ತೇನಿ," ಎಂದೆ.

"ಆತೇಳ್ರಿ, ಹೇಳಂಗಿಲ್ಲ," ಎಂದು ಮಾಳಪ್ಪ ನಕ್ಕ.

"ಹಂಗಲ್ಲ. ಭಂಡಾರ ಮುಟ್ಟಿ ಹೇಳು."

ಅವನ ನಗು ನಿಂತಿತು. "ಇಷ್ಟ ಸಣ್ಣ ಮಾತಿಗಿ ಭಂಡಾರ ಯಾಕ್ರಿ ಸಾಹೇಬ್ರ? ನನ್ನ ಮಾತಿನ ಮ್ಯಾಲ ನಂಬಿಗಿ ಇಲ್ಲೇನ್ರಿ?"

"ಮುಟ್ಟೋ ಮಾರಾಯಾ. ಮಜಾ ಐತಿ," ಎಂದೆ.

ಅವನು ಎಮ್ಮೆಯ ತಲೆಯನ್ನು ಮೆಲ್ಲಗೆ ನೆಲಕ್ಕಿಟ್ಟು, ಕೈ ತೊಳೆದುಕೊಂಡು, ಚೀಲದಲ್ಲಿ ಬೆರಳದ್ದಿ ಹಣೆಗೆ ಹಚ್ಚಿಕೊಂಡ. "ಬೀರಪ್ಪನ ಆಣಿ. ನೀವು ಬಾಯಿ ತಗಿಯೂಮಟಾ ನಾ ತಗಿಯಂಗಿಲ್ಲ," ಎಂದ. ಆ ಜನ ಭಂಡಾರದ ಮೇಲೆ ಕೊಟ್ಟ ಮಾತನ್ನು, ಅದನ್ನು ಪಡೆದವನೇ ಬಿಡಿಸದ ಹೊರತು ಪ್ರಾಣ ಹೋದರೂ ಮೀರುವುದಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದರಿಂದಲೇ ಮುಟ್ಟಿಸಿದೆ.

ಜೀಪುಗಳು ಬಂದವು. ಸೂಜಿ ಸಾಹೇಬರು ಕೈ ಮುಗಿದು ಎಮ್ಮೆಗೆ ಪ್ರದಕ್ಷಿಣೆ ಹಾಕಿದರು. ಸ್ಥಳೀಯ ವೈದ್ಯರೇ ಮೊದಲ ಸೂಜಿ ಹಾಕಲಿ ಎಂದು ದೊಡ್ಡ ಮನಸ್ಸು ಮಾಡಿ ನನ್ನ ಕೈಗೆ ಕೊಟ್ಟರು. ನಾನು ಬೆನ್ನಿನ ಮೇಲೆ ಎಲ್ಲೋ ಒಂದು ಕಡೆ ಚುಚ್ಚಿದೆ. ಉಳಿದದ್ದನ್ನು ಅವರು ಚುಚ್ಚಿದರು. ಎಮ್ಮೆ ಒಮ್ಮೆ ನಡುಗಿತು, ಕುತ್ತಿಗೆ ಎತ್ತಿತು, ಮುಂಗಾಲು ಊರಿತು, ಎದ್ದು ನಿಂತೇಬಿಟ್ಟಿತು. ಸಿದ್ದವ್ವ ಕೈಯಲ್ಲಿದ್ದ ಚಹಾದ ತಾಟನ್ನು ಅಲ್ಲೇ ಬಿಟ್ಟು ಸೂಜಿ ಸಾಹೇಬರ ಕಾಲಿಗೆ ಬಿದ್ದಳು. ಶಾಂತಾ ಅವರ ಕಣ್ಣಲ್ಲಿ ನೀರು. ಮಾಳಪ್ಪ ಗೋಡೆಗೆ ಮುಖ ಮಾಡಿ ಕೆಮ್ಮುತ್ತಿದ್ದ.

ಸಂಜೆ ಸಮಾರೋಪ. ಖಾಲಿ ಬಾಟಲಿ ನನ್ನ ಚೀಲದಲ್ಲೇ ಇತ್ತು. ನನ್ನ ಹೆಸರು ಕರೆದರು, ಎದ್ದು ಹೋದೆ. ದೊಡ್ಡ ಅಧಿಕಾರಿ ನನ್ನನ್ನು ತಬ್ಬಿಕೊಂಡು, ಜಿಲ್ಲೆಯ ಮೊದಲ ಸೂಜಿ ವೈದ್ಯರು ಇವರೇ ಎಂದು ಘೋಷಿಸಿ ಶಾಲು ಹೊದಿಸಿದರು. ಹತ್ತು ದಿನ ಎಲ್ಲರನ್ನೂ ನೋಡಿ ಹಲ್ಲು ಕಿಸಿದ ಜಾಣ ಆ ಶಾಲಿನ ಬಿಸುಪಿಗೆ ಕರಗಿಹೋದ. ಇನ್ನೊಮ್ಮೆ ಹೇಳಿದರಾಯಿತು ಎಂದುಕೊಂಡೆ. ಮನೆಗೆ ಬಂದು ಬಾಟಲಿಯನ್ನು ತೊಳೆದು ಸೀಮೆಎಣ್ಣೆ ಹಾಕಿಡಲು ಹೆಂಡತಿಗೆ ಕೊಟ್ಟೆ.

ಆಮೇಲಿನ ಎರಡು ತಿಂಗಳು ಸುತ್ತಲಿನ ಹಳ್ಳಿಗಳಿಗೆಲ್ಲ ಸೂಜಿಯ ಹುಚ್ಚು. ಹಾಲು ಕಡಿಮೆಯಾದರೆ ಸೂಜಿ, ಗಬ್ಬ ನಿಲ್ಲದಿದ್ದರೆ ಸೂಜಿ, ಒದೆಯುವ ಎಮ್ಮೆಗೂ ಸೂಜಿ. ಸಾವಳಗಿಯಲ್ಲಿ ನಾನು ನಾಲ್ಕು ಸೂಜಿ ಚುಚ್ಚಿ, ಜೊತೆಗೆ ಶಕ್ತಿಯ ನೀರು ಎಂದು ಹೇಳಿ ಬೇಕಾದ ಔಷಧ ಕೊಟ್ಟು, ಹೆಸರು ಗಳಿಸಿಕೊಂಡೆ. ದನಗಳಿಗೆ ನಷ್ಟವಾಗಲಿಲ್ಲ, ನನಗೆ ಲಾಭವಾಯಿತು. ಸೂಜಿ ಸಾಹೇಬರನ್ನು ಮೋಸಗಾರ ಎಂದು ಮನಸ್ಸಿನಲ್ಲಿ ಬೈಯುತ್ತಲೇ ಅವರ ಅಂಗಡಿಯನ್ನು ಅವರಿಗಿಂತ ಚೆಂದ ನಡೆಸುತ್ತಿದ್ದೆ.

ಭಾದ್ರಪದದ ಒಂದು ದಿನ ಜಮಖಂಡಿಯ ಕಚೇರಿಯಲ್ಲಿ ನನಗೊಂದು ಸತ್ಕಾರ ಇಟ್ಟುಕೊಂಡಿದ್ದರು. ತರಬೇತಿ ಪಡೆದ ಎಲ್ಲರೂ ಬಂದಿದ್ದರು, ಶಾಂತಾ ಒಬ್ಬರನ್ನು ಬಿಟ್ಟು. ಯಾಕೆ ಬರಲಿಲ್ಲ ಎಂದು ಅಧಿಕಾರಿ ಕೇಳಿದಾಗ ಗುಮಾಸ್ತ ಎದ್ದು ನಿಂತ.

"ಮುಂಜಾನೆ ಫೋನ್ ಮಾಡಿದ್ರರಿ ಸರ್. ತೇರದಾಳದಾಗ ಒಂದ ಎಮ್ಮಿ ಈದು ಬಿದ್ದೈತಂತ. ಸೂಜಿ ಹಾಕಿ ಎಬ್ಬಿಸಿನ ಬರ್ತೇನಿ ಅಂದಾರ."

"ಶಹಬ್ಬಾಸ್," ಎಂದರು ಅಧಿಕಾರಿ.

"ಹಂಗಾದ್ರ ಮೇಡಮ್ಮಾರ ಪಾಲಿನ ಹೋಳಿಗಿ ನಾವ ತಿನ್ನೂಣ ಬರ್ರಿ. ಅವರು ಇವತ್ತ ಬರಂಗಿಲ್ಲ," ಎಂದೆ ನಾನು.

ಎಲ್ಲರೂ ನಕ್ಕರು. ಅದರಲ್ಲಿ ನಗುವಂಥದ್ದು ಏನಿತ್ತು ಎಂದು ಗೊತ್ತಿದ್ದವನು ನಾನೊಬ್ಬನೇ. ಫೋನು ನನ್ನ ಮೊಣಕೈ ಹತ್ತಿರವೇ ಇತ್ತು. ಅವರು ಓದಿದ ಡಾಕ್ಟರು, ಸೂಜಿಗೆ ಏಳದಿದ್ದರೆ ಬಾಟಲಿ ಏರಿಸಿಯೇ ಏರಿಸುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೋಳಿಗೆಗೆ ತುಪ್ಪ ಹಾಕಿಸಿಕೊಂಡೆ. ಇನ್ನೂ ಸ್ವಲ್ಪ ಹಾಕಿ ಎಂದೆ.

ಮಧ್ಯಾಹ್ನ ಸಾವಳಗಿಗೆ ಮರಳಿದಾಗ ಆಸ್ಪತ್ರೆಯ ಮೆಟ್ಟಿಲ ಮೇಲೆ ಮಾಳಪ್ಪ ಕೂತಿದ್ದ. ಕಂಬಳಿ ಜಾರಿ ನೆಲಕ್ಕೆ ಬಿದ್ದಿತ್ತು, ಅವನಿಗೆ ಖಬರಿರಲಿಲ್ಲ. ನನ್ನನ್ನು ನೋಡಿ ಧಡಕ್ಕನೆ ಎದ್ದ.

"ಸಾಹೇಬ್ರ, ನನ್ನ ಆಣಿ ಬಿಡಸ್ರಿ."

ಏನಾಯಿತು ಎಂದು ಕೇಳಿದೆ. ಬಿದ್ದ ಎಮ್ಮೆ ತೇರದಾಳಕ್ಕೆ ಕೊಟ್ಟ ಅವನ ಕಿರಿ ಮಗಳು ಲಕ್ಕವ್ವನದು. ಮೊದಲ ಗಿಣ್ಣುಹಾಲನ್ನು ಬೀರಪ್ಪನಿಗೆ ಒಪ್ಪಿಸಲು ಅವನು ನಿನ್ನೆಯೇ ಅಲ್ಲಿಗೆ ಹೋಗಿದ್ದ. ಬೆಳಿಗ್ಗೆ ಶಾಂತಾ ಬಂದು ಸೂಜಿ ಹಾಕಿದ್ದರು.

"ಡಾಕ್ಟರ್ ಬಾಯಾರ, ಒಂದ ಬಾಟ್ಲಿ ಏರಸ್ರಿ ಅಂದ್ನಿ. ನಿನ್ನ ಹಿರಿ ಮಗಳ ಎಮ್ಮಿ ಬರೇ ಸೂಜಿಗಿ ಎದ್ದದ್ದು ನಾ ಕಣ್ಣಾರೆ ನೋಡೇನಿ ಅಜ್ಜಾ, ಬಾಟ್ಲಿ ಹಾಕಿದ್ರ ಕೆಡತೈತಿ ಅಂದ್ರು. ನನ್ನ ಮಗಳೂ ಹಂಗ ಅಂದ್ಲು. ಬರಿ ಹಾಕೂ ಮುದುಕಗ ಏನ್ ತಿಳಿತೈತಿ ಅಂತ ಎಲ್ಲಾರೂ ನಕ್ಕರ್ರಿ. ಯಾಕ ಬಾಟ್ಲಿ ಅಂತ ಕೇಳಿದ್ರು. ನಾ ಏನ್ ಹೇಳ್ಲಿ? ಭಂಡಾರ ಮುಟ್ಟೇನಲ್ರಿ."

"ಹೇಳಬೇಕಾಗಿತ್ತಲೋ ಅಜ್ಜಾ! ಅದೇನ ದೊಡ್ಡ ಆಣೇನ?"

"ನಿಮಗ ಸಣ್ಣದಿತ್ತರಿ," ಎಂದ ಮಾಳಪ್ಪ.

ಅವನು ಒಂಬತ್ತಕ್ಕೇ ಬಸ್ಸು ಹತ್ತಿದ್ದ. ಜಮಖಂಡಿಯಲ್ಲಿ ಬಸ್ಸು ಬದಲಿಸಲು ಒಂದು ತಾಸು ಕಾದಿದ್ದ. ನಾನು ಅಲ್ಲಿಂದ ಎರಡು ಓಣಿಯಾಚೆ ಹಾರ ಹಾಕಿಸಿಕೊಳ್ಳುತ್ತಿದ್ದೆ ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ಸಾವಳಗಿಗೆ ಬಂದು, ನಾನಿಲ್ಲದೆ, ಹನ್ನೆರಡರಿಂದ ಮೆಟ್ಟಿಲ ಮೇಲೆ ಕೂತಿದ್ದ. ಆಸ್ಪತ್ರೆಯ ಫೋನು ಸತ್ತು ತಿಂಗಳಾಗಿತ್ತು. ಎರಡು ಬಾಟಲಿ ಚೀಲಕ್ಕೆ ಹಾಕಿಕೊಂಡು ಅವನನ್ನು ಮೋಟಾರ್‌ಸೈಕಲ್ಲಿನ ಹಿಂದೆ ಕೂರಿಸಿಕೊಂಡೆ. "ಬಿಡಿಸಿದೆ, ನಿನ್ನ ಆಣಿ ಬಿಡಿಸಿದೆ" ಎಂದು ಗಾಳಿಯಲ್ಲಿ ಕೂಗಿ ಹೇಳಿದೆ. ದಾರಿಯುದ್ದಕ್ಕೂ ಕಬ್ಬು ಆಳೆತ್ತರ ನಿಂತಿತ್ತು. ಅಷ್ಟು ಹಸಿರನ್ನು ನಾನು ಯಾವತ್ತೂ ಹಾಗೆ ದ್ವೇಷಿಸಿರಲಿಲ್ಲ.

ತೇರದಾಳ ಮುಟ್ಟಿದಾಗ ಲಕ್ಕವ್ವನ ಮನೆ ಮುಂದೆ ಮಂದಿ ನೆರೆದಿದ್ದರು. ಎಮ್ಮೆ ಸತ್ತು ಹೆಚ್ಚು ಹೊತ್ತಾಗಿರಲಿಲ್ಲ. ಹೊಟ್ಟೆ ಉಬ್ಬತೊಡಗಿತ್ತು, ಬೆನ್ನ ಮೇಲೆ ಸೂಜಿಗಳು ಹಾಗೇ ನಿಂತಿದ್ದವು. ಲಕ್ಕವ್ವ ಮೂರು ದಿನದ ಕರುವನ್ನು ಅಪ್ಪಿಕೊಂಡು ಕೂತಿದ್ದಳು, ಅಳುತ್ತಿರಲಿಲ್ಲ. ಅವಳ ಕಣ್ಣೆದುರಿಗೇ ಯಾರೋ ಒಬ್ಬ, ಹೆಂಗಸಿನ ಕೈಯಾಗ ದನಾ ಕೊಟ್ಟರ ಇನ್ನೇನ ಆಗತೈತಿ ಎಂದ. ಯಾರೂ ಅವನ ಬಾಯಿ ಮುಚ್ಚಿಸಲಿಲ್ಲ.

ಶಾಂತಾ ಎಮ್ಮೆಯ ಪಕ್ಕದಲ್ಲಿ ಸಗಣಿಯಲ್ಲೇ ಮೊಣಕಾಲೂರಿ ಕೂತಿದ್ದರು. ನನ್ನನ್ನು ನೋಡಿದ್ದೇ ಅವರ ಮುಖದಲ್ಲಿ ಒಂದು ಥರದ ಜೀವ ಬಂತು. ಬೈಯಲು ಬಂದವರ ನಡುವೆ ತಿಳಿದವನೊಬ್ಬ ಬಂದನಲ್ಲ ಎಂಬಂಥದ್ದು.

"ಸರ್, ನೀವು ಬಂದ್ರಲ್ಲ. ನೋಡ್ರಿ ಸರ್. ನೀವು ಅವತ್ತ ಹಾಕಿದ ಜಾಗಾಕ್ಕನ ಮೊದಲನೇದ ಹಾಕೇನಿ. ಆಮೇಲೆ ಅವರು ಹೇಳಿದ ಕ್ರಮದಾಗ ಎಲ್ಲಾ. ಒಂದೂ ಬಿಟ್ಟಿಲ್ಲ. ಎಲ್ಲಿ ತಪ್ಪಿದ್ನಿರಿ ನಾನು?"

ಮಾಳಪ್ಪ ನನ್ನ ಹಿಂದೆ ನಿಂತಿದ್ದ. ಆಣೆ ಬಿಡಿಸಿಯಾಗಿತ್ತು, ಅವನು ಬಾಯಿ ತೆಗೆಯಬಹುದಿತ್ತು. ತೆಗೆಯಲಿಲ್ಲ. ನಾನೇ ಹೇಳಲಿ ಎಂದು ಕಾಯುತ್ತಿದ್ದ. ಒಂದೇ ಮಾತು ಸಾಕಿತ್ತು. ಆ ಮಾತು ಹೇಳಿದರೆ ಸುತ್ತ ನಿಂತ ಇಷ್ಟು ಜನ, ನಾಳೆ ಜಮಖಂಡಿ, ನಾಡಿದ್ದು ಇಡೀ ಜಿಲ್ಲೆ ನನ್ನನ್ನು ನೋಡಿ ಏನೆನ್ನುತ್ತದೆ ಎಂಬುದಷ್ಟೇ ನನ್ನ ತಲೆಯಲ್ಲಿತ್ತು. ನಾನು ಬಾಗಿ, ಕನ್ನಡಕ ಸರಿಮಾಡಿಕೊಂಡು, ಸತ್ತ ಎಮ್ಮೆಯ ಬೆನ್ನ ಮೇಲಿನ ಸೂಜಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ.

"ಇವೆರಡು ಒಂದ ಬೆರಳ ಹಿಂದ ಬಿದ್ದಾವ್ರಿ," ಎಂದೆ.

ಶಾಂತಾ ತಲೆಯಾಡಿಸಿದರು. ಸೆರಗಿಗೆ ಕೈ ಒರೆಸಿಕೊಂಡು, ಕೈಹೊತ್ತಗೆ ತೆಗೆದು, ಅದನ್ನು ಬರೆದುಕೊಂಡರು.